ವುಝೂ ಹೋಯ್ತಾ, ಉಳಿದಿದೆಯಾ? ಹಂತ ಹಂತವಾಗಿ ತಿಳಿಯುವ ಬಗೆ

ಬೆಂಗಳೂರಿನ ಒಂದು ಪಿಜಿ ರೂಮು. ಶುಕ್ರವಾರ ಮಧ್ಯಾಹ್ನ, ಜುಮಾ ನಮಾಝಿಗೆ ಇನ್ನು ಇಪ್ಪತ್ತು ನಿಮಿಷ. ಪುತ್ತೂರಿನ ಹುಡುಗ ವುಝೂ, ಅಂದರೆ ನಮಾಝಿಗೆ ಮೊದಲು ಮುಖ, ಕೈ, ಕಾಲು ತೊಳೆದು ತಲೆ ಸವರುವ ಶುದ್ಧಿ, ಮಾಡಿ ಬಂದವನು ಕನ್ನಡಿ ಮುಂದೆ ಮೀಸೆ ಸರಿಮಾಡಲು ಹೋಗಿ ಬ್ಲೇಡು ತಾಗಿಸಿಕೊಂಡ. ರಕ್ತ ಸಣ್ಣಗೆ ತುಟಿಯವರೆಗೆ ಇಳಿಯಿತು. ಬೀದರಿನ ರೂಮ್‌ಮೇಟ್ ನೋಡಿ, "ನಿನ್ನ ವಜೂ ಹೋಯ್ತು ನೋಡು" ಅಂದ. ಇವನು, "ಎಲ್ಲಿ ಹೋಯ್ತು? ಮುಖ ತೊಳೆದರೆ ಸಾಕು" ಅಂದ. ಐದು ನಿಮಿಷ ವಾದ ನಡೆಯಿತು. ಕೊನೆಗೆ ಇಬ್ಬರೂ ಖುತುಬಾಗೆ, ಅಂದರೆ ಜುಮಾ ಪ್ರವಚನಕ್ಕೆ, ತಡವಾಗಿ ಹೋದೆವು ಅಂತ ನನ್ನ ಹತ್ತಿರ ಹೇಳಿಕೊಂಡರು.

ಇಬ್ಬರು ಹೇಳಿದ್ದೂ ಸರಿಯೇ. ಪುತ್ತೂರಿನವನು ಶಾಫಿ, ಬೀದರಿನವನು ಹನಫಿ. ಇವು ಇಸ್ಲಾಮಿನ ಧರ್ಮನಿಯಮದ ಎರಡು ಪಂಥಗಳು, ಅಂದರೆ ಮದ್‌ಹಬ್‌ಗಳು. ತಮ್ಮ ತಮ್ಮ ಮದರಸದಲ್ಲಿ ಕಲಿತದ್ದನ್ನೇ ಹೇಳಿದರು. ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುವುದರಿಂದ, ಒಂದು ಸಲ ಕೂತು ಕ್ರಮವಾಗಿ ಬರೆದುಬಿಡೋಣ ಅನ್ನಿಸಿತು.

ಎಡವುವ ಜಾಗ ಹೆಚ್ಚುಕಮ್ಮಿ ಮೂರೇ. ಎರಡು ಮದ್‌ಹಬ್‌ಗಳ ಪಟ್ಟಿಯನ್ನು ಬೆರೆಸಿ ಒಂದು ಉದ್ದದ ಪಟ್ಟಿ ಮಾಡಿಕೊಳ್ಳುವುದು ಒಂದು. ಬಟ್ಟೆಗೆ ಗಲೀಜು ತಾಗಿದ್ದನ್ನೂ ವುಝೂ ಮುರಿದದ್ದನ್ನೂ ಒಂದೇ ಅಂದುಕೊಳ್ಳುವುದು ಇನ್ನೊಂದು. ಬರೀ ಅನುಮಾನಕ್ಕೆ ಎದ್ದು ನಲ್ಲಿಗೆ ಓಡುವುದು ಮೂರನೆಯದು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಓದಿ. ಒಂದನೇ ಹಂತ ಬಿಟ್ಟು ಮುಂದೆ ಹೋದರೆ ಉಳಿದದ್ದು ಗೊಂದಲವಾಗುತ್ತದೆ.

ಹಂತ 1: ನಿಮ್ಮ ಪಟ್ಟಿ ಯಾವುದು, ಮೊದಲು ತೀರ್ಮಾನಿಸಿ

ದಕ್ಷಿಣ ಕನ್ನಡ, ಉಡುಪಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಸಾಮಾನ್ಯವಾಗಿ ಶಾಫಿ. ಬೆಂಗಳೂರು, ಮೈಸೂರು, ಕಲಬುರಗಿ, ವಿಜಯಪುರ ಕಡೆಯ ಉರ್ದು, ದಖನಿ ಮಾತಾಡುವ ಮನೆಗಳು ಹೆಚ್ಚಾಗಿ ಹನಫಿ. ನಿಮಗೆ ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನೋ ಊರಿನ ಉಸ್ತಾದರನ್ನೋ (ಧರ್ಮಗುರುಗಳನ್ನೋ) ಕೇಳಿ. ಎರಡು ನಿಮಿಷದ ಕೆಲಸ.

ಶಾಫಿ ಪಟ್ಟಿ ಹೀಗಿದೆ:

1. ಮುಂದಿನ ಅಥವಾ ಹಿಂದಿನ ದ್ವಾರದಿಂದ ಏನಾದರೂ ಹೊರಬರುವುದು.
2. ನಿದ್ದೆ, ಮೂರ್ಛೆ, ಅಮಲು, ಬುದ್ಧಿಭ್ರಮಣೆಯಿಂದ ಪ್ರಜ್ಞೆ ತಪ್ಪುವುದು. ಕೂತ ಜಾಗದಲ್ಲಿ ಅಂಡು ಊರಿ ಮಾಡಿದ ನಿದ್ದೆಗೆ ವಿನಾಯಿತಿ ಇದೆ.
3. ಮಹ್ರಂ (ಯಾವತ್ತೂ ಮದುವೆಯಾಗಲು ಬಾರದ ನೆಂಟರು) ಅಲ್ಲದ ಗಂಡು ಹೆಣ್ಣಿನ ಚರ್ಮ ನೇರವಾಗಿ ತಾಗುವುದು.
4. ಅಂಗೈಯಿಂದ ಗುಪ್ತಾಂಗ ಮುಟ್ಟುವುದು.

ಹನಫಿ ಪಟ್ಟಿ:

1. ಎರಡು ದ್ವಾರಗಳಿಂದ ಹೊರಬರುವುದು.
2. ಮೈಯ ಬೇರೆ ಕಡೆಯಿಂದ ರಕ್ತ, ಕೀವು ಹೊರಬಂದು ಹರಿಯುವುದು.
3. ಬಾಯಿ ತುಂಬ ವಾಂತಿ.
4. ಮಲಗಿ ನಿದ್ದೆ ಮಾಡುವುದು.
5. ಮೂರ್ಛೆ, ಅಮಲು, ಬುದ್ಧಿಭ್ರಮಣೆ.
6. ರುಕೂ (ಬಗ್ಗುವುದು), ಸುಜೂದ್ (ಹಣೆ ನೆಲಕ್ಕಿಡುವುದು) ಇರುವ ನಮಾಝಿನೊಳಗೆ ದೊಡ್ಡವರು ಗಹಗಹಿಸಿ ನಗುವುದು.

ಎರಡೂ ಚಿಕ್ಕ ಪಟ್ಟಿಗಳೇ. ನಿಮ್ಮದು ಯಾವುದೋ ಅದನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ಇನ್ನೊಂದು ಪಟ್ಟಿ ಗೊತ್ತಿರಲಿ, ಆದರೆ ಅದು ರೂಮ್‌ಮೇಟ್ ಜೊತೆ ಜಗಳ ಆಗದಿರಲಿ ಅಂತ ಅಷ್ಟೇ.

ಹಂತ 2: "ಗಲೀಜಾಯ್ತು" ಮತ್ತು "ವುಝೂ ಹೋಯ್ತು" ಎರಡನ್ನೂ ಬೇರೆ ಮಾಡಿ

ಅರ್ಧ ಪ್ರಶ್ನೆಗಳು ಇಲ್ಲೇ ಮುಗಿಯುತ್ತವೆ. ನಜಸ್ ಅಂದರೆ ಮೈಗೋ ಬಟ್ಟೆಗೋ ತಾಗುವ ಅಶುದ್ಧ ವಸ್ತು. ಮೂತ್ರ, ಮಲ, ರಕ್ತ ಇಂಥವು. ಅದು ತಾಗಿದರೆ ಆ ಜಾಗ ತೊಳೆಯಬೇಕು, ಅಷ್ಟೇ. ಹದಸ್ ಅಂದರೆ ವುಝೂ ಇಲ್ಲದ ಸ್ಥಿತಿ. ಅದಕ್ಕೆ ವುಝೂ ಮತ್ತೆ ಮಾಡಬೇಕು. ಒಂದು ತಾಗಿದ ಮಾತ್ರಕ್ಕೆ ಇನ್ನೊಂದು ಬರುವುದಿಲ್ಲ.

ಮಗು ನಿಮ್ಮ ಮಡಿಲಲ್ಲಿ ಉಚ್ಚೆ ಹೊಯ್ದರೆ ನಿಮ್ಮ ವುಝೂ ಹೋಗಿಲ್ಲ. ಬಟ್ಟೆ ಬದಲಿಸಿ, ತೊಡೆ ತೊಳೆದು ನಮಾಝ್ ಮಾಡಿ. ಹಟ್ಟಿಯಲ್ಲಿ ಸಗಣಿ ತುಳಿದರೆ ಕಾಲು ತೊಳೆದರೆ ಸಾಕು. ಕೋಳಿ ಕೊಯ್ಯುವಾಗ ರಕ್ತ ಕೈಗೆ ಸಿಡಿದರೂ ಅಷ್ಟೇ. ನಾಯಿ ಬಂದು ಕಾಲು ನೆಕ್ಕಿದರೂ ವುಝೂ ಇರುತ್ತದೆ. ಶಾಫಿಗಳು ಆ ಜಾಗವನ್ನು 7 ಸಲ, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಿಂದ, ತೊಳೆಯಬೇಕು ಅನ್ನುವುದು ನಿಜ. ಆದರೆ ಅದು ಕಾಲಿನ ಶುದ್ಧಿಯ ಮಾತು.

ಹಾಗೆಯೇ ಮೂರನೆಯದೊಂದು ಇದೆ, ಗುಸ್ಲ್. ವೀರ್ಯ ಹೊರಬಂದರೆ, ದಾಂಪತ್ಯ ಸಂಪರ್ಕ ಆದರೆ, ಮುಟ್ಟು ಅಥವಾ ಬಾಣಂತಿ ರಕ್ತ ನಿಂತರೆ ಬರೀ ವುಝೂ ಸಾಲದು, ಪೂರ್ತಿ ಸ್ನಾನವೇ ಬೇಕು. ಆದರೆ ಆಸೆ ಹುಟ್ಟಿದಾಗ ಬರುವ ಅಂಟು ದ್ರವ, ಮಝೀ, ಇದಕ್ಕೆ ಸ್ನಾನ ಬೇಡ. ಗುಪ್ತಾಂಗ ತೊಳೆದು ವುಝೂ ಮಾಡಿದರೆ ಸಾಕು. ಇದನ್ನು ಪ್ರವಾದಿಯವರ ಬಳಿ ನೇರವಾಗಿ ಕೇಳಲು ನಾಚಿಕೊಂಡ ಅವರ ಅಳಿಯ ಅಲಿಯವರು ಸಂಗಾತಿ ಮಿಕ್ದಾದರ ಕಡೆಯಿಂದ ಕೇಳಿಸಿದರು ಎಂದು ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಸಂಗ್ರಹಗಳಲ್ಲಿ ಇದೆ. ನಾಚಿಕೆ ಇದ್ದರೂ ಕೇಳಿ ತಿಳಿಯಬೇಕು, ಅಲ್ವಾ?

ಹಂತ 3: ಹೊರಬಂದದ್ದನ್ನು ಪರೀಕ್ಷಿಸಿ

ಮಲ, ಮೂತ್ರ, ಹೂಸು. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇಲ್ಲ. ಒಂದು ಹನಿ ಬಂದರೂ, ಸದ್ದಿಲ್ಲದೆ ಹೋದರೂ ವುಝೂ ಹೋಯಿತು. ಹುಳ, ಕಲ್ಲು ಬಂದರೂ ಹಾಗೆಯೇ.

ಹೆಂಗಸರು ಜಾಸ್ತಿ ಕೇಳುವುದು ಬಿಳಿ ಸೆರಗಿನ ಬಗ್ಗೆ. ಒಳಗಿನಿಂದ ಹೊರಕ್ಕೆ ಬಂದರೆ ವುಝೂ ಮುರಿಯುತ್ತದೆ ಎಂಬುದೇ ಎರಡೂ ಮದ್‌ಹಬ್‌ಗಳ ಹೆಚ್ಚಿನ ವಿದ್ವಾಂಸರ ಮಾತು. ದಿನವಿಡೀ ಹೋಗುತ್ತಲೇ ಇದ್ದರೆ ಹಂತ 9 ಓದಿ, ಅಲ್ಲಿ ನಿಮಗೆ ಸಲೀಸು ದಾರಿ ಇದೆ. ಮುಂದಿನ ದ್ವಾರದಿಂದ ಗಾಳಿ ಹೋದಂತಾದರೆ ಹನಫಿಗಳಲ್ಲಿ ಮುರಿಯುವುದಿಲ್ಲ, ಶಾಫಿಗಳಲ್ಲಿ ಮುರಿಯುತ್ತದೆ.

ಗಂಡಸರ ತಪ್ಪು ಬೇರೆ. ಮೂತ್ರ ಮುಗಿದ ತಕ್ಷಣ ಎದ್ದು ಬಂದು ಗಡಿಬಿಡಿಯಲ್ಲಿ ವುಝೂ ಮಾಡುತ್ತಾರೆ. ರುಕೂಗೆ ಬಗ್ಗಿದಾಗ ಉಳಿದ ಹನಿ ಇಳಿಯುತ್ತದೆ. ಇದಕ್ಕೆ ಕ್ರಮ ಇದೆ. ಮೂತ್ರವಾದ ಮೇಲೆ ಸ್ವಲ್ಪ ಕಾಯಿರಿ. ಎರಡು ಸಲ ಕೆಮ್ಮಿ, ನಾಲ್ಕು ಹೆಜ್ಜೆ ನಡೆಯಿರಿ. ಆಮೇಲೆ ತೊಳೆಯಿರಿ. ವುಝೂ ಮುಗಿಸಿ ಒಳ ಉಡುಪಿನ ಮೇಲೆ ಒಂದಿಷ್ಟು ನೀರು ಚಿಮುಕಿಸಿ. ಆಮೇಲೆ ತಂಪು ತಗುಲಿದರೆ ಅದು ಆ ನೀರೇ ಅಂದುಕೊಳ್ಳಿ. ಇದು ಹದೀಸಿನಲ್ಲೇ ಬಂದಿರುವ ಉಪಾಯ. ಬಾತ್‌ರೂಮಿನಲ್ಲಿ ಅರ್ಧ ಗಂಟೆ ನಿಂತು ಹಿಂಡುವುದು ಉಪಾಯ ಅಲ್ಲ, ಅದು ರೋಗಕ್ಕೆ ದಾರಿ.

ಹಂತ 4: ನಿದ್ದೆಯಾ, ತೂಕಡಿಕೆಯಾ?

ತೂಕಡಿಕೆಯಿಂದ ವುಝೂ ಹೋಗುವುದಿಲ್ಲ. ಗುರುತು ಸುಲಭ. ಪಕ್ಕದವರ ಮಾತು ಕಿವಿಗೆ ಬೀಳುತ್ತಿತ್ತು, ಅರ್ಥ ಮಾತ್ರ ಆಗುತ್ತಿರಲಿಲ್ಲ ಅಂದರೆ ಅದು ತೂಕಡಿಕೆ. ಕನಸು ಬಿತ್ತು ಅಂದರೆ ನಿದ್ದೆ. ಪ್ರವಾದಿಯವರ ಸಂಗಾತಿಗಳು ಇಶಾ (ರಾತ್ರಿಯ) ನಮಾಝಿಗೆ ಕಾದು ಕೂತಲ್ಲೇ ತಲೆ ತೂಗುವಷ್ಟು ಮಂಪರಿಗೆ ಹೋಗಿ, ಮತ್ತೆ ವುಝೂ ಮಾಡದೆ ನಮಾಝ್ ಮಾಡಿದ್ದುಂಟು.

ನಿಜವಾದ ನಿದ್ದೆ ಆದರೆ ಭಂಗಿ ನೋಡಬೇಕು. ಮಂಗಳೂರು-ಬೆಂಗಳೂರು ರಾತ್ರಿ ಬಸ್ಸನ್ನೇ ತೆಗೆದುಕೊಳ್ಳಿ. ಸ್ಲೀಪರ್‌ನಲ್ಲಿ ಮಲಗಿದರೆ ಮಾತೇ ಇಲ್ಲ, ಫಜ್ರ್‌ಗೆ, ಅಂದರೆ ಬೆಳಗಿನ ಜಾವದ ನಮಾಝಿಗೆ, ಹೊಸ ವುಝೂ ಬೇಕು. ಸೀಟಿನಲ್ಲಿ ನೆಟ್ಟಗೆ, ಅಂಡು ಊರಿ ಕೂತು ನಿದ್ದೆ ಮಾಡಿದರೆ ಶಾಫಿ ಪ್ರಕಾರ ವುಝೂ ಉಳಿದಿದೆ. ಆದರೆ ಶಿರಾಡಿ ಘಾಟಿಯ ತಿರುವಿನಲ್ಲಿ ಮೈ ವಾಲಿ, ಎಚ್ಚರ ಆಗುವ ಮೊದಲೇ ಅಂಡು ಸೀಟಿನಿಂದ ಎದ್ದಿದ್ದರೆ ಹೋಯಿತು. ಹನಫಿಗಳಲ್ಲಿ ಒರಗದೆ ಕೂತು ಮಾಡಿದ ನಿದ್ದೆಗೆ ತೊಂದರೆ ಇಲ್ಲ. ಹಿಂದಿನ ಆಸರೆ ತೆಗೆದರೆ ಬಿದ್ದುಬಿಡುವಷ್ಟು ಒರಗಿದ್ದರೆ ಹನಫಿ ಗ್ರಂಥಗಳಲ್ಲೇ ಎರಡು ಮಾತಿದೆ. ಬಸ್ಸು ಚಹಾಕ್ಕೆ ನಿಂತಾಗ ಹೇಗೂ ಇಳಿಯುತ್ತೀರಿ, ವುಝೂ ಮಾಡಿಬಿಡುವುದೇ ಒಳ್ಳೆಯದು.

ನಮಾಝಿನೊಳಗೆ ಸುಜೂದಿನಲ್ಲಿ ನಿದ್ದೆ ಹತ್ತಿದರೆ? ರಮ್ಝಾನಿನ ರಾತ್ರಿಯ ಉದ್ದ ನಮಾಝ್ ತರಾವೀಹ್‌ನಲ್ಲಿ ಇದು ಅಪರೂಪ ಏನಲ್ಲ. ಹನಫಿ ಪ್ರಕಾರ, ಸರಿಯಾದ ಭಂಗಿಯಲ್ಲೇ ಇದ್ದರೆ ವುಝೂ ಇದೆ. ಶಾಫಿ ಪ್ರಕಾರ ಅಂಡು ಊರಿಲ್ಲವಾದ್ದರಿಂದ ಹೋಯಿತು.

ಹಂತ 5: ಮುಟ್ಟಿದ್ದು ಯಾರನ್ನು, ಹೇಗೆ?

ಹನಫಿಗಳು ಈ ಹಂತ ದಾಟಿ ಮುಂದೆ ಹೋಗಬಹುದು. ಅವರಲ್ಲಿ ಹೆಂಡತಿಯ ಕೈ ತಾಗಿದ್ದಕ್ಕಾಗಲಿ, ಗುಪ್ತಾಂಗ ಮುಟ್ಟಿದ್ದಕ್ಕಾಗಲಿ ವುಝೂ ಹೋಗುವುದಿಲ್ಲ. ಪ್ರವಾದಿಯವರು ರಾತ್ರಿ ನಮಾಝ್ ಮಾಡುವಾಗ ಸುಜೂದಿಗೆ ಜಾಗ ಬೇಕಾಗಿ ಪತ್ನಿ ಆಯಿಷಾರ ಕಾಲನ್ನು ಮೆಲ್ಲಗೆ ತಟ್ಟುತ್ತಿದ್ದರು ಎಂಬ ಹದೀಸ್ ಅವರ ಒಂದು ಆಧಾರ.

ಶಾಫಿಗಳು ಇಲ್ಲಿ ನಿಧಾನವಾಗಿ ಓದಿ. ಎಡವುವುದು ಇಲ್ಲೇ ಜಾಸ್ತಿ. ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಒಬ್ಬರು ಗಂಡು, ಒಬ್ಬರು ಹೆಣ್ಣಾ? ಇಬ್ಬರೂ ಆಸೆ ಹುಟ್ಟಿಸುವ ವಯಸ್ಸು ಮುಟ್ಟಿದವರಾ? ಮಹ್ರಂ ಸಂಬಂಧ ಇಲ್ಲದವರಾ? ನಡುವೆ ಬಟ್ಟೆ ಇಲ್ಲದೆ ಚರ್ಮಕ್ಕೆ ಚರ್ಮ ತಾಗಿತಾ? ನಾಲ್ಕಕ್ಕೂ ಹೌದು ಬಂದರೆ ಮುಟ್ಟಿದವರದ್ದೂ ಮುಟ್ಟಿಸಿಕೊಂಡವರದ್ದೂ ವುಝೂ ಹೋಯಿತು. ಒಂದಕ್ಕೆ ಇಲ್ಲ ಬಂದರೂ ಉಳಿಯಿತು. ಬೇಕೆಂದು ಮುಟ್ಟಿದ್ದಾ, ಆಕಸ್ಮಿಕವಾ, ಮನಸ್ಸಿನಲ್ಲಿ ಆಸೆ ಇತ್ತಾ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಕೂದಲು, ಉಗುರು, ಹಲ್ಲು ಚರ್ಮ ಅಲ್ಲ. ಅವು ತಾಗಿದರೆ ಏನೂ ಆಗುವುದಿಲ್ಲ. ಹೆಂಡತಿ ಚಹಾದ ಲೋಟ ಕೊಡುವಾಗ ಬೆರಳ ತುದಿ ತಾಗಿದರೆ ಹೋಯಿತು, ಬರೀ ಉಗುರು ತಾಗಿದರೆ ಇಲ್ಲ. ಹೆಂಡತಿ ಮಹ್ರಂ ಅಲ್ಲವಾ ಅಂತ ಎಷ್ಟೋ ಜನ ಗಾಬರಿ ಬೀಳುತ್ತಾರೆ. ಮಹ್ರಂ ಅಂದರೆ ಯಾವತ್ತೂ ಮದುವೆಯಾಗಲು ಬಾರದ ನೆಂಟಸ್ತಿಕೆ. ಹೆಂಡತಿಯನ್ನು ಮದುವೆಯಾಗಿದ್ದೀರಲ್ಲ, ಹಾಗಾಗಿ ಅವಳು ಆ ಪಟ್ಟಿಯಲ್ಲಿಲ್ಲ. ಮುಟ್ಟುವುದರಲ್ಲಿ ತಪ್ಪೂ ಇಲ್ಲ, ವುಝೂ ಮಾತ್ರ ಮತ್ತೆ ಮಾಡಬೇಕು.

ತಾಯಿ, ಮಗಳು, ಅಕ್ಕ ತಂಗಿ, ಅತ್ತೆ ಅಂದರೆ ಹೆಂಡತಿಯ ತಾಯಿ, ಸೊಸೆ, ಎದೆಹಾಲಿನ ಸಂಬಂಧದ ತಾಯಿ, ಸೋದರಿ: ಇವರೆಲ್ಲ ಮಹ್ರಂ. ಅತ್ತಿಗೆ, ನಾದಿನಿ, ಚಿಕ್ಕಪ್ಪನ ಮಗಳು, ಮಾವನ ಮಗಳು ಮಹ್ರಂ ಅಲ್ಲ. ಒಂದೇ ಮನೆಯಲ್ಲಿ ಬೆಳೆದರೂ ಅಲ್ಲ.

ಇನ್ನು ಗುಪ್ತಾಂಗದ ವಿಷಯ. ಅಂಗೈ ಮತ್ತು ಬೆರಳುಗಳ ಒಳಭಾಗ ನೇರವಾಗಿ ತಾಗಿದರೆ ಮಾತ್ರ ಶಾಫಿಗಳಲ್ಲಿ ವುಝೂ ಮುರಿಯುತ್ತದೆ. ಕೈಯ ಹಿಂಭಾಗ ತಾಗಿದರೆ ಇಲ್ಲ, ಬಟ್ಟೆಯ ಮೇಲಿಂದಲೂ ಇಲ್ಲ. ತನ್ನದಾದರೂ ಅಷ್ಟೇ, ಬೇರೆಯವರದ್ದಾದರೂ ಅಷ್ಟೇ, ಪುಟ್ಟ ಮಗುವಿನದ್ದಾದರೂ ಅಷ್ಟೇ. ಹಾಗಾಗಿ ಹಸುಗೂಸು ಇರುವ ತಾಯಂದಿರಿಗೆ ಒಂದು ಮಾತು. ಡೈಪರ್ ಬದಲಿಸಿದ್ದಕ್ಕೆ ವುಝೂ ಹೋಗುವುದಿಲ್ಲ, ಬರಿ ಅಂಗೈಯಿಂದ ತೊಳೆದದ್ದಕ್ಕೆ ಹೋಗುತ್ತದೆ. ಒರೆಸುವ ಬಟ್ಟೆಯನ್ನೋ ವೈಪ್ಸನ್ನೋ ನಡುವೆ ಇಟ್ಟುಕೊಂಡರೆ, ಅಥವಾ ಕೈಗವಸು ಹಾಕಿದರೆ, ಚಿಂತೆ ಇಲ್ಲ.

ಸ್ನಾನದಲ್ಲೂ ಇದೇ ತಪ್ಪು ಆಗುತ್ತದೆ. ಮೊದಲು ವುಝೂ ಮಾಡಿ, ಆಮೇಲೆ ಸೋಪು ಹಚ್ಚಿ ಮೈಯೆಲ್ಲ ಉಜ್ಜಿ, ಹಾಗೇ ಬಂದು ನಮಾಝಿಗೆ ನಿಲ್ಲುತ್ತಾರೆ. ಗುಪ್ತಾಂಗ ತೊಳೆಯುವುದನ್ನು ಮೊದಲೇ ಮುಗಿಸಿ, ವುಝೂವನ್ನು ಕೊನೆಗೆ ಇಟ್ಟುಕೊಳ್ಳಿ.

ಹಂತ 6: ರಕ್ತ ಹರಿಯಿತಾ, ಬರೀ ಕಾಣಿಸಿತಾ?

ಇಲ್ಲಿ ಶಾಫಿಗಳು ಆರಾಮಾಗಿರಬಹುದು. ಗಾಯ, ಮೂಗಿನ ರಕ್ತ, ವಾಂತಿ ಯಾವುದಕ್ಕೂ ವುಝೂ ಹೋಗುವುದಿಲ್ಲ. ತೊಳೆದುಕೊಂಡರೆ ಆಯಿತು.

ಹನಫಿಗಳು ನೋಡಬೇಕಾದ ಗುರುತು ಹರಿವು. ಸೊಳ್ಳೆ ಕಚ್ಚಿದಲ್ಲಿ ಕೆರೆದು ಕೆಂಪು ಚುಕ್ಕೆ ಕಂಡಿತು, ಅಲ್ಲೇ ನಿಂತಿತು ಅಂದರೆ ವುಝೂ ಇದೆ. ಗಾಯದ ಬಾಯಿ ದಾಟಿ ಚರ್ಮದ ಮೇಲೆ ಇಳಿಯಿತು ಅಂದರೆ ಹೋಯಿತು. ಟಿಶ್ಯೂ ಒತ್ತಿ ಒತ್ತಿ ತೆಗೆದು "ಹರಿಯಲೇ ಇಲ್ಲ" ಅನ್ನುವುದು ನಡೆಯುವುದಿಲ್ಲ. ಒರೆಸದೆ ಬಿಟ್ಟಿದ್ದರೆ ಹರಿಯುತ್ತಿತ್ತಾ ಅಂತ ನೋಡಬೇಕು.

ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬಂದರೆ ಉಗಿದು ಬಣ್ಣ ನೋಡಿ. ಎಂಜಲು ಕೆಂಪಾಗಿದ್ದರೆ ವುಝೂ ಹೋಯಿತು. ಬರೀ ಹಳದಿ ಛಾಯೆ ಇದ್ದರೆ ಇದೆ. ಸಿಂಕಿನ ಬಿಳಿ ಪಿಂಗಾಣಿಯ ಮೇಲೆ ಉಗಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಲ್ಯಾಬಿನಲ್ಲಿ ಸಿರಿಂಜಿನಿಂದ ರಕ್ತ ತೆಗೆದರೆ, ರಕ್ತದಾನ ಮಾಡಿದರೆ ಹನಫಿಗಳ ವುಝೂ ಹೋಗುತ್ತದೆ. ಇನ್ಸುಲಿನ್ ಚುಚ್ಚಿಕೊಂಡರೆ, ರಕ್ತ ಹರಿಯದಿದ್ದರೆ, ಹೋಗುವುದಿಲ್ಲ. ಮನೆಯಲ್ಲಿ ಸಕ್ಕರೆ ಪರೀಕ್ಷೆಗೆ ಬೆರಳು ಚುಚ್ಚಿದಾಗ ಚುಕ್ಕೆಯಾಗಿ ನಿಂತರೆ ಇಲ್ಲ, ಬೆರಳಿಂದ ಇಳಿಯುವಷ್ಟು ಬಂದರೆ ಹೌದು. ಸಕ್ಕರೆ ಕಾಯಿಲೆ ಇರುವವರು ಚುಚ್ಚಿ ನೋಡಿದ ಮೇಲೆಯೇ ವುಝೂಗೆ ಹೋದರೆ ಈ ತಲೆನೋವೇ ಇಲ್ಲ.

ವಾಂತಿಯಲ್ಲಿ ಅಳತೆ "ಬಾಯಿ ತುಂಬ". ಅಂದರೆ ಕಷ್ಟಪಡದೆ ಬಾಯಿ ಮುಚ್ಚಿ ಹಿಡಿದುಕೊಳ್ಳಲು ಆಗದಷ್ಟು. ಹುಳಿತೇಗಿನ ಜೊತೆ ಗಂಟಲಿಗೆ ಬಂದು ಹೋದದ್ದು ಲೆಕ್ಕಕ್ಕಿಲ್ಲ.

ಹಂತ 7: ನಗು, ಒಂಟೆ ಮಾಂಸ, ಮತ್ತು ಸುಮ್ನೆ ಹುಟ್ಟಿಕೊಂಡ ನಂಬಿಕೆಗಳು

ನಮಾಝಿನಲ್ಲಿ ನಗು ಬಂದರೆ ಹನಫಿಗಳು ಸದ್ದು ಅಳೆಯುತ್ತಾರೆ. ಪಕ್ಕದವರಿಗೆ ಕೇಳುವಂತೆ ನಕ್ಕರೆ ನಮಾಝೂ ಹೋಯಿತು, ವುಝೂವೂ ಹೋಯಿತು. ತನಗೆ ಮಾತ್ರ ಕೇಳಿದರೆ ನಮಾಝ್ ಮಾತ್ರ ಹೋಯಿತು. ಬರೀ ಮುಗುಳ್ನಕ್ಕರೆ ಎರಡೂ ಇವೆ. ಜನಾಝಾ (ಶವಸಂಸ್ಕಾರದ) ನಮಾಝಿಗೆ ಈ ವುಝೂ ಮುರಿಯುವ ನಿಯಮ ಇಲ್ಲ. ಶಾಫಿಗಳಲ್ಲಿ ನಗುವಿನಿಂದ ನಮಾಝ್ ಕೆಡಬಹುದು, ವುಝೂ ಕೆಡುವುದಿಲ್ಲ. ನಮಾಝಿನ ಹೊರಗೆ ಹೊಟ್ಟೆ ಹುಣ್ಣಾಗುವಂತೆ ನಕ್ಕರೂ ಯಾರದ್ದೂ ಹೋಗುವುದಿಲ್ಲ.

ಸೌದಿಯಲ್ಲಿ ಕೆಲಸ ಮಾಡುವ ನಮ್ಮವರು ಇನ್ನೊಂದು ನೋಡಿರುತ್ತಾರೆ. ಒಂಟೆ ಮಾಂಸದ ಊಟ ಆದ ಮೇಲೆ ಅಲ್ಲಿಯ ಸಹೋದ್ಯೋಗಿ ಎದ್ದು ಹೋಗಿ ವುಝೂ ಮಾಡುತ್ತಾನೆ. ಅದು ಹಂಬಲಿ ಮದ್‌ಹಬ್‌ನ ನಿಯಮ, ಮುಸ್ಲಿಂ ಸಂಗ್ರಹದಲ್ಲಿರುವ ಹದೀಸಿನ ಆಧಾರವೂ ಇದೆ. ಹನಫಿ, ಶಾಫಿಗಳಲ್ಲಿ ಇದು ಕಡ್ಡಾಯವಲ್ಲ. ನೀವೂ ಎದ್ದು ವುಝೂ ಮಾಡಿದರೆ ನಷ್ಟವೇನಿಲ್ಲ.

ಉಳಿದದ್ದೆಲ್ಲ ನಂಬಿಕೆ. ಉಗುರು ಕತ್ತರಿಸಿದರೆ, ಕೂದಲು ತೆಗೆಸಿದರೆ, ಬಟ್ಟೆ ಬದಲಿಸಿದರೆ, ಕನ್ನಡಿಯಲ್ಲಿ ತನ್ನ ಬೆತ್ತಲೆ ಮೈ ಕಂಡರೆ ವುಝೂ ಹೋಗುವುದಿಲ್ಲ. ಊಟ ಮಾಡಿದರೆ, ಬೀಡಿ ಸೇದಿದರೆ, ಮಗುವಿಗೆ ಹಾಲು ಕುಡಿಸಿದರೆ, ಅತ್ತರೆ ಹೋಗುವುದಿಲ್ಲ. ಟಿವಿ ನೋಡಿದರೂ ಇಲ್ಲ. ಮೊಣಕಾಲು ಕಂಡರೆ ಹೋಯಿತು ಅಂತ ಹುಡುಗರನ್ನು ಹೆದರಿಸುವುದನ್ನು ಕೇಳಿದ್ದೇನೆ, ಅದೂ ತಪ್ಪು. ಬೈಗುಳ, ಚಾಡಿ ಮಾತು ಪಾಪ, ಆದರೆ ಮುರಿಯುವ ಪಟ್ಟಿಯಲ್ಲಿಲ್ಲ. ಅಂಥದ್ದು ಆಡಿದ ಮೇಲೆ ಹೊಸ ವುಝೂ ಮಾಡುವುದು ಒಳ್ಳೆಯದು ಅಂದಿದ್ದಾರೆ, ಕಡ್ಡಾಯ ಅಂದಿಲ್ಲ.

ನೇಲ್ ಪಾಲಿಶ್ ಬಗ್ಗೆ ಒಂದು ಎಚ್ಚರಿಕೆ. ವುಝೂ ಆದ ಮೇಲೆ ಹಚ್ಚಿದರೆ ಇರುವ ವುಝೂಗೆ ಏನೂ ಆಗದು. ಮುಂದಿನ ವುಝೂಗೆ ಮಾತ್ರ ಅದನ್ನು ತೆಗೆಯಲೇಬೇಕು, ಯಾಕೆಂದರೆ ನೀರು ಉಗುರಿಗೆ ಇಳಿಯುವುದಿಲ್ಲ. ಮದರಂಗಿಯ ಬಣ್ಣ ನೀರನ್ನು ತಡೆಯುವುದಿಲ್ಲ. ಒಣಗಿದ ಹಿಟ್ಟಿನ ಪದರ ಮಾತ್ರ ಕೆರೆದು ತೆಗೆಯಿರಿ.

ಹಂತ 8: ಅನುಮಾನ ಬಂದರೆ ಏನು ಮಾಡಬೇಕು

ವುಝೂ ಮಾಡಿದ್ದು ಖಚಿತ, ಮುರಿದದ್ದು ಅನುಮಾನ ಅಂದರೆ ವುಝೂ ಇದೆ. ಮುರಿದದ್ದು ಖಚಿತ, ಮತ್ತೆ ಮಾಡಿದೆನಾ ಅಂತ ಅನುಮಾನ ಅಂದರೆ ವುಝೂ ಇಲ್ಲ. ಖಚಿತವಾದದ್ದನ್ನು ಅನುಮಾನ ಅಳಿಸದು. ನಮಾಝಿನಲ್ಲಿ ಏನೋ ಹೋದಂತೆ ಅನ್ನಿಸಿದವನು ಸದ್ದು ಕೇಳುವವರೆಗೆ ಅಥವಾ ವಾಸನೆ ಬರುವವರೆಗೆ ನಮಾಝ್ ಬಿಟ್ಟು ಹೋಗಬಾರದು ಎಂಬ ಹದೀಸ್ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಸದ್ದು ವಾಸನೆ ಅಂದರೆ ಇಲ್ಲಿ ಖಾತ್ರಿ ಅಂತ ಅರ್ಥ. ಖಾತ್ರಿ ಇದ್ದರೆ ಮೂಗಿಗೆ ಕಾಯಬೇಕಾಗಿಲ್ಲ.

ಇದು ವಸ್ವಾಸ್, ಅಂದರೆ ಗೀಳು, ಆಗುತ್ತಿದೆ ಅನ್ನುವುದಕ್ಕೆ ಗುರುತುಗಳಿವೆ. ಒಂದು ನಮಾಝಿಗೆ ಮೂರು ನಾಲ್ಕು ಸಲ ವುಝೂ. ನಲ್ಲಿ ಮುಂದೆ ಕಾಲು ಗಂಟೆ. ಹೊಟ್ಟೆ ಗುಡುಗುಟ್ಟಿದ ಕೂಡಲೇ ಸಾಲು ಬಿಟ್ಟು ಹೋಗುವುದು. ನಮಾಝಿನಲ್ಲಿ ಮಾತ್ರ ಹೀಗಾಗಿ, ಆಫೀಸಿನಲ್ಲಿ ಆಗದೆ ಇರುವುದು. ಅಂಥವರಿಗೆ ನಾನು ಹೇಳುವುದು ಇಷ್ಟು: ನೀವು ಬರೆದಿಟ್ಟ ಪಟ್ಟಿಯಲ್ಲಿ ಇರುವುದು ಆಯಿತು ಅಂತ ಆಣೆ ಇಟ್ಟು ಹೇಳಬಲ್ಲಿರಾ? ಇಲ್ಲ ಅಂದರೆ ನಮಾಝ್ ಮುಂದುವರಿಸಿ. ಆದರೂ ಬಿಡದೆ ಕಾಡಿದರೆ ವೈದ್ಯರಿಗೆ ತೋರಿಸಿ. ಇದಕ್ಕೆ ಚಿಕಿತ್ಸೆ ಇದೆ.

ನಮಾಝಿನಲ್ಲೇ ಖಚಿತವಾಗಿ ಮುರಿದರೆ ನಾಚಿಕೊಂಡು ಹಾಗೇ ನಿಲ್ಲಬೇಡಿ. ಅದೇ ದೊಡ್ಡ ತಪ್ಪು. ಕೂಡಲೇ ಬಿಟ್ಟು ಹೊರಡಿ, ನಮಾಝ್ ಮುಗಿಸುವ ಸಲಾಂ ಹೇಳಬೇಕಾಗಿಲ್ಲ. ಮೂಗು ಹಿಡಿದುಕೊಂಡು ಹೋಗಿ ಎಂದು ಹದೀಸಿನಲ್ಲಿ ಇದೆ. ನೋಡಿದವರು ಮೂಗಿನಿಂದ ರಕ್ತ ಬಂತೇನೋ ಅಂದುಕೊಳ್ಳಲಿ ಅಂತ, ಮಾನ ಉಳಿಸುವ ದಾರಿ ಅದು. ಸಾಲಿನ ನಡುವೆ ದಾರಿ ಮಾಡಿಕೊಂಡು ಹೋಗಿ ವುಝೂ ಮಾಡಿ, ಬಂದು ಹೊಸದಾಗಿ ತಕ್ಬೀರ್ ಕಟ್ಟಿ (ಅಲ್ಲಾಹು ಅಕ್ಬರ್ ಎಂದು ನಮಾಝ್ ಶುರುಮಾಡಿ) ಸೇರಿಕೊಳ್ಳಿ. ಜುಮಾ ಆದರೆ, ಶಾಫಿಗಳಿಗೆ ಎರಡನೇ ರಕಅತ್‌ನ, ಅಂದರೆ ನಮಾಝಿನ ಎರಡನೇ ಸುತ್ತಿನ, ರುಕೂ ಇಮಾಮರ ಜೊತೆ ಸಿಗಬೇಕು. ಇಲ್ಲದಿದ್ದರೆ 4 ರಕಅತ್ ಝುಹ್ರ್ (ಮಧ್ಯಾಹ್ನದ ನಮಾಝ್) ಮಾಡಬೇಕು. ಹನಫಿಗಳು ಸಲಾಮಿನ ಮೊದಲು ಸೇರಿಕೊಂಡರೂ ಜುಮಾ ಸಿಕ್ಕಂತೆ.

ಇಮಾಮರಿಗೇ ಮುರಿದರೆ ಹಿಂದಿನವರಲ್ಲಿ ಒಬ್ಬರನ್ನು ಮುಂದೆ ಎಳೆದು ನಿಲ್ಲಿಸಿ ಹೋಗುತ್ತಾರೆ. ಅದಕ್ಕೇ ಅವರ ಬೆನ್ನ ಹಿಂದೆ ತಿಳಿದವರು ನಿಲ್ಲಬೇಕು ಅನ್ನುವುದು. ಇಮಾಮರಿಗೆ ವುಝೂ ಇರಲಿಲ್ಲ ಅಂತ ಎಲ್ಲ ಮುಗಿದ ಮೇಲೆ ಗೊತ್ತಾದರೆ ಶಾಫಿಗಳಲ್ಲಿ ಹಿಂದೆ ನಿಂತವರ ನಮಾಝ್ ಸರಿ, ಹನಫಿಗಳಲ್ಲಿ ಎಲ್ಲರೂ ಮತ್ತೆ ಮಾಡಬೇಕು.

ಹಂತ 9: ನಿಲ್ಲದೆ ಮುರಿಯುತ್ತಲೇ ಇದ್ದರೆ

ಮೂತ್ರ ಹನಿಯುವ ಕಾಯಿಲೆ, ಕ್ಯಾಥೆಟರ್ ಹಾಕಿರುವವರು, ಮುಟ್ಟಿನ ದಿನ ಮೀರಿ ಹೋಗುವ ರಕ್ತ, ತಡೆಯಲಾಗದ ಗ್ಯಾಸ್. ಇವರಿಗೆ ಮಅ್‌ಝೂರ್, ಅಂದರೆ ವಿನಾಯಿತಿ ಇರುವವರು, ಎಂಬ ನಿಯಮ ಇದೆ.

ಹನಫಿಗಳು ಮೊದಲು ಅರ್ಹತೆ ನೋಡಬೇಕು. ಒಂದು ನಮಾಝಿನ ಇಡೀ ಸಮಯದಲ್ಲಿ, ಉದಾಹರಣೆಗೆ ಅಸ್ರ್ (ಇಳಿಹೊತ್ತಿನ ನಮಾಝ್) ಶುರುವಾಗಿ ಮಗ್ರಿಬ್ (ಸೂರ್ಯ ಮುಳುಗಿದಾಗಿನ ನಮಾಝ್) ಆಗುವವರೆಗೆ, ವುಝೂ ಮಾಡಿ ಫರ್ಝ್ (ಕಡ್ಡಾಯ ನಮಾಝ್) ಮುಗಿಸುವಷ್ಟು ಬಿಡುವೂ ಸಿಗದಿದ್ದರೆ ನೀವು ಮಅ್‌ಝೂರ್. ಆಮೇಲಿನ ಪ್ರತಿ ಸಮಯದಲ್ಲಿ ಒಂದು ಸಲ ಕಾಣಿಸಿಕೊಂಡರೂ ವಿನಾಯಿತಿ ಮುಂದುವರಿಯುತ್ತದೆ. ಒಂದು ಪೂರ್ತಿ ಸಮಯ ಕಾಣಿಸದಿದ್ದರೆ ಮುಗಿಯುತ್ತದೆ. ಪ್ರತಿ ಸಮಯಕ್ಕೆ ಒಂದು ವುಝೂ, ಅದರಲ್ಲಿ ಎಷ್ಟು ನಮಾಝ್ ಬೇಕಾದರೂ ಮಾಡಿ. ಸಮಯ ಮುಗಿದರೆ ಅಥವಾ ಬೇರೆ ಕಾರಣ ಬಂದರೆ ಆ ವುಝೂ ಹೋಗುತ್ತದೆ.

ಶಾಫಿಗಳಿಗೆ ಕ್ರಮ ಮುಖ್ಯ. ಬಾಂಗಿನ ಸಮಯ ಆದ ಮೇಲೆ ತೊಳೆಯಿರಿ, ಪ್ಯಾಡ್ ಅಥವಾ ಬಟ್ಟೆ ಕಟ್ಟಿ, ಕೂಡಲೇ ವುಝೂ ಮಾಡಿ, ತಡಮಾಡದೆ ನಮಾಝ್ ಮಾಡಿ. ಜಮಾಅತ್‌ಗೆ (ಸಾಮೂಹಿಕ ನಮಾಝಿಗೆ) ಕಾಯುವುದು ತಡ ಅನಿಸಿಕೊಳ್ಳುವುದಿಲ್ಲ, ಫೋನ್ ನೋಡುತ್ತಾ ಕೂರುವುದು ಅನಿಸಿಕೊಳ್ಳುತ್ತದೆ. ಒಂದು ವುಝೂಗೆ ಒಂದೇ ಫರ್ಝ್, ಸುನ್ನತ್‌ಗಳು (ಕಡ್ಡಾಯವಲ್ಲದವು) ಎಷ್ಟಾದರೂ ಸರಿ.

ಹಂತ 10: ಹಜ್, ಉಮ್ರಾಗೆ ಹೊರಟ ಶಾಫಿಗಳಿಗೆ

ಕರಾವಳಿಯಿಂದ ಹೊರಟವರಿಗೆಲ್ಲ ಇದೊಂದು ದಿಗಿಲು. ತವಾಫ್‌ಗೆ, ಅಂದರೆ ಕಅಬಾಕ್ಕೆ ಸುತ್ತು ಬರುವುದಕ್ಕೆ, ವುಝೂ ಬೇಕು. ಆ ಜನಜಂಗುಳಿಯಲ್ಲಿ ಹೆಣ್ಣು ಗಂಡಿನ ಕೈ ತಾಗದೆ 7 ಸುತ್ತು ಮುಗಿಸುವುದು ಕಷ್ಟ. ಹಾಗಾಗಿ ಎಷ್ಟೋ ಉಸ್ತಾದರು ಈ ವಿಷಯದಲ್ಲಿ ಹನಫಿ ಮದ್‌ಹಬ್ ಅನುಸರಿಸಲು ಹೇಳಿಕೊಡುತ್ತಾರೆ.

ಆದರೆ ಅರ್ಧ ಕೇಳಿಸಿಕೊಂಡು ಹೋಗುವವರು ಎಡವುತ್ತಾರೆ. ಮುಟ್ಟಿದ್ದಕ್ಕೆ ಹನಫಿ ಅಂತ ಇಟ್ಟುಕೊಂಡರೆ ವುಝೂ ಕೂಡ ಹನಫಿ ಲೆಕ್ಕದಲ್ಲಿ ಸರಿಯಾಗಿರಬೇಕು. ಶಾಫಿಗಳಲ್ಲಿ ತಲೆಯ ನಾಲ್ಕು ಕೂದಲಿಗೆ ಒದ್ದೆ ಕೈ ತಾಗಿದರೂ ಮಸಹ್, ಅಂದರೆ ವುಝೂವಿನ ತಲೆ ಸವರುವಿಕೆ, ಆಗುತ್ತದೆ. ಹನಫಿಗಳಲ್ಲಿ ತಲೆಯ ಕಾಲುಭಾಗವಾದರೂ ಸವರಬೇಕು. ಬರೀ ನಾಲ್ಕು ಕೂದಲು ಸವರಿ, ತಾಗಿದ್ದಕ್ಕೆ ಹನಫಿ ಅಂದರೆ ಆ ವುಝೂ ಎರಡೂ ಕಡೆ ನಿಲ್ಲುವುದಿಲ್ಲ. ಆ ಹೊತ್ತಿಗೆ ಕಾಲು ಒಡೆದು ರಕ್ತ ಹರಿದರೂ ಹನಫಿ ಪ್ರಕಾರ ವುಝೂ ಹೋಯಿತು, ಮರೆಯಬೇಡಿ. ಮನೆಯಲ್ಲಿರುವಾಗಲೇ ಇಡೀ ತಲೆ ಸವರುವ ಅಭ್ಯಾಸ ಮಾಡಿಕೊಳ್ಳಿ. ಅದು ಹೇಗೂ ಸುನ್ನತ್. ಹೊರಡುವ ಮೊದಲು ಉಸ್ತಾದರ ಮುಂದೆ ಒಂದು ಸಲ ವುಝೂ ಮಾಡಿ ತೋರಿಸಿ.

ಜೊತೆಗೆ ಉದ್ದ ತೋಳಿನ ಬಟ್ಟೆ, ಕಾಲುಚೀಲ ಹೆಂಗಸರಿಗೆ ಸಹಾಯ. ಇಹ್ರಾಮಿನಲ್ಲಿ, ಅಂದರೆ ಹಜ್, ಉಮ್ರಾದ ವ್ರತಸ್ಥಿತಿಯಲ್ಲಿ, ಕೈಗವಸು ಹಾಕುವಂತಿಲ್ಲ, ಆದ್ದರಿಂದ ತೋಳನ್ನೇ ಬೆರಳವರೆಗೆ ಇಳಿಬಿಡಿ. ನಡುವೆ ವುಝೂ ಹೋದರೆ ನಿಂತ ಸುತ್ತು ನೆನಪಿಟ್ಟುಕೊಂಡು, ವುಝೂ ಮಾಡಿ ಬಂದು, ಅಲ್ಲಿಂದ ಮುಂದುವರಿಸಬಹುದು. ತವಾಫ್ ಮುಗಿದು 2 ರಕಅತ್ ಆಗುವವರೆಗೆ ಜೋಪಾನ. ಆಮೇಲೆ ಸಫಾ, ಮರ್ವಾ ಗುಡ್ಡಗಳ ನಡುವಿನ ಸಈಗೆ (ನಡಿಗೆಗೆ) ವುಝೂ ಕಡ್ಡಾಯವಲ್ಲ, ಯಾರ ಕೈ ತಾಗಿದರೂ ನಡೆಯುತ್ತಾ ಇರಿ.